ಎಂಟೂವರೆಯ ಮಳೆ ಲೆಕ್ಕ: ಹಾರ್ವಿ ಚಂಡಮಾರುತ ಮತ್ತು ಬದಿಯಡ್ಕದ ಒಂದು ಮನೆ

ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ನನ್ನ ಚಿಕ್ಕಪ್ಪನ ಅಡಿಕೆ ತೋಟ. ನಮ್ಮ ಮನೆಮಾತಿನಲ್ಲಿ ಅವರು ಅಪ್ಪಚ್ಚಿ. ಅಂಗಳದ ತುದಿಯಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಅದರ ನೀರನ್ನು ಅಳತೆ ಗಾಜಿಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಡೈರಿಯಲ್ಲಿ ಬರೆಯುತ್ತಾರೆ. ನೆಂಟರು ಬಂದಿರಲಿ, ಮನೆಯಲ್ಲಿ ಪೂಜೆಯೇ ಇರಲಿ, ಎಂಟೂವರೆ ಅಂದರೆ ಎಂಟೂವರೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ.

2017ರ ಆಗಸ್ಟ್ 26, ಶನಿವಾರ. ಚೌತಿಯ ಮರುದಿನ. ಅಪ್ಪಚ್ಚಿ ಗಾಜು ಎತ್ತಿ ಹಿಡಿದ ಆ ಎಂಟೂವರೆಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಶುಕ್ರವಾರ ರಾತ್ರಿ ಹತ್ತು ಗಂಟೆ. ಹಾರ್ವಿ ಚಂಡಮಾರುತ ಅಲ್ಲಿನ ರಾಕ್‌ಪೋರ್ಟ್ ಎಂಬ ಊರಿನ ಹತ್ತಿರ ನೆಲ ಮುಟ್ಟಿದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಗಾಳಿ ಗಂಟೆಗೆ 210 ಕಿ.ಮೀ. ಮೀರಿತ್ತು. ಅಪ್ಪಚ್ಚಿಯ ಮಗಳು (ನನಗೆ ತಂಗಿ), ಅಳಿಯ (ನನಗೆ ಭಾವ), ಎರಡು ವರ್ಷದ ಮೊಮ್ಮಗಳು ಇದ್ದದ್ದು ಅಲ್ಲಿಂದ ಸುಮಾರು 250 ಕಿ.ಮೀ. ಆಚೆ, ಹ್ಯೂಸ್ಟನ್‌ನಲ್ಲಿ.

ಆ ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ. ನಾನು ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳದಲ್ಲಿ ಸರಕಾರಿ ಅರ್ಜಿಗಳನ್ನು ತುಂಬಿಸಿ ಕೊಡುವ ಕೇಂದ್ರದಲ್ಲಿ, ಕೆಲಸ ಮಾಡುವವನು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುವ ಫಾರ್ಮುಗಳನ್ನು ಕನ್ನಡದವರಿಗೆ ಓದಿ ಹೇಳಿ, ತುಂಬಿಸಿ ಕೊಡುವುದು ನನ್ನ ಹೊಟ್ಟೆಪಾಡು. ಚಂಡಮಾರುತಕ್ಕೂ ಈ ಕೆಲಸಕ್ಕೂ ಏನು ಸಂಬಂಧ ಅಂತ ಮುಂದೆ ಗೊತ್ತಾಗುತ್ತದೆ.

ಮಳೆಗೆ ಹೆದರುವುದಾ?

ಹರಿಕೇನ್ ಅಂದರೂ ಒಂದೇ, ಸೈಕ್ಲೋನ್ ಅಂದರೂ ಒಂದೇ. ಅಟ್ಲಾಂಟಿಕ್ ಕಡೆ ಎದ್ದರೆ ಅದು ಹರಿಕೇನ್, ನಮ್ಮ ಕಡಲಲ್ಲಿ ಎದ್ದರೆ ಸೈಕ್ಲೋನ್. ಇದನ್ನು ಹೇಳಿದ ಮೇಲೂ ಅಪ್ಪಚ್ಚಿಗೆ ಭಯ ಹುಟ್ಟಲಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ. ಆಟಿ ತಿಂಗಳಿನಲ್ಲಿ ತೋಡು ತುಂಬಿ ತೋಟಕ್ಕೆ ಬರುವುದನ್ನು ಅರುವತ್ತು ವರ್ಷ ನೋಡಿದವರು. "ಗಾಳಿ ಬೇರೆ ಕಡೆ ಹೊಡೆದಾಯ್ತಲ್ಲ. ಮಳೆ ಬಂದರೆ ಬರಲಿ, ನಮ್ಮ ಹುಡುಗಿ ಮಳೆ ನೋಡದವಳಾ?" ಅಂದರು.

ಟಿವಿಯಲ್ಲೂ ಹಾರ್ವಿ ಇರಲಿಲ್ಲ. ಆ ಶುಕ್ರವಾರವೇ ಹರಿಯಾಣದ ಪಂಚಕುಲದಲ್ಲಿ ಬಾಬಾ ಒಬ್ಬರ ಮೇಲಿನ ಕೇಸಿನ ತೀರ್ಪು ಬಂದು ಗಲಭೆ ಎದ್ದಿತ್ತು. ಕನ್ನಡ, ಮಲಯಾಳ, ಯಾವ ಚಾನೆಲ್ ಹಾಕಿದರೂ ಅದೇ. ಚಿಕ್ಕಮ್ಮ ಮಧೂರು ಗಣಪತಿ ದೇವಸ್ಥಾನದ ಅಪ್ಪ ಪ್ರಸಾದವನ್ನು ಡಬ್ಬಿಗೆ ತುಂಬಿಸುತ್ತಾ, ಮಗಳಿಗೆ ಕಳಿಸಲಿಕ್ಕೆ ಆಗುವುದಿಲ್ಲವಲ್ಲ ಅಂತ ಕೊರಗುತ್ತಿದ್ದರು. ಅದೊಂದೇ ಆ ಮನೆಯ ಅವತ್ತಿನ ಚಿಂತೆ.

ನಾವು ಅರ್ಥ ಮಾಡಿಕೊಳ್ಳದೇ ಹೋದದ್ದು ಇದನ್ನು: ಹಾರ್ವಿ ನೆಲಕ್ಕೆ ಬಂದ ಮೇಲೆ ಮುಂದೆ ಹೋಗಲೇ ಇಲ್ಲ. ಅಲ್ಲೇ ಸುತ್ತಾಡುತ್ತಾ ಕಡಲಿನ ನೀರನ್ನು ಹೀರಿ ಹೀರಿ ಸುರಿಯಿತು. ಟೆಕ್ಸಾಸ್‌ನ ನೆದರ್‌ಲ್ಯಾಂಡ್ ಎಂಬಲ್ಲಿ ಆ ಕೆಲವೇ ದಿನಗಳಲ್ಲಿ ಒಟ್ಟು 1,539 ಮಿಲ್ಲಿಮೀಟರ್ ಬಿತ್ತು. ನಮ್ಮ ವರ್ಷದ ಮಳೆಯ ಹತ್ತಿರ ಹತ್ತಿರ ಅರ್ಧ. ಹ್ಯೂಸ್ಟನ್ ಬೇರೆ ತಟ್ಟೆಯ ಹಾಗೆ ಚಪ್ಪಟೆ ಊರು. ನಮ್ಮಲ್ಲಿ ಬಿದ್ದ ನೀರು ಗುಡ್ಡ ಇಳಿದು, ತೋಡು ಸೇರಿ, ಹೊಳೆ ಹಿಡಿದು ಕಡಲಿಗೆ ಓಡುತ್ತದೆ. ಅಲ್ಲಿ ಓಡಲಿಕ್ಕೆ ಇಳಿಜಾರೇ ಇಲ್ಲ. ಊರ ನಡುವೆ ಬಾಯು ಅಂತ ಕರೆಯುವ ನಿಧಾನದ ತೋಡುಗಳಿವೆ. ಅವು ತುಂಬಿದರೆ ಮುಗಿಯಿತು, ನೀರು ರಸ್ತೆಗೆ, ರಸ್ತೆಯಿಂದ ಮನೆಗೆ.

ತಂಗಿಯ ಮನೆ ಇದ್ದದ್ದು ಬ್ರೇಸ್ ಬಾಯುವಿನಿಂದ ಕೆಲವು ಬೀದಿ ಆಚೆ. ಆ ಬಾಯು 2015ರಲ್ಲೂ 2016ರಲ್ಲೂ ಉಕ್ಕಿತ್ತು. ಇವರು ಮನೆ ಕೊಂಡದ್ದು 2017ರ ಮಾರ್ಚ್‌ನಲ್ಲಿ, ಸಾಲ ಮಾಡಿ.

ಭಾನುವಾರ ಹನ್ನೊಂದೂವರೆ

ಭಾನುವಾರ ನಮ್ಮ ಬೆಳಗ್ಗೆ ಹನ್ನೊಂದೂವರೆಗೆ, ಅಲ್ಲಿಯ ರಾತ್ರಿ ಒಂದು ಗಂಟೆಗೆ, ಚಿಕ್ಕಮ್ಮನ ಫೋನ್ ಬಡಿಯಿತು. "ಅಬ್ಬೇ (ಅಮ್ಮಾ), ಮನೆ ಒಳಗೆ ನೀರು ಬಂತು. ಕಾರ್ಪೆಟ್ ಎದ್ದು ತೇಲ್ತಾ ಉಂಟು. ಪಾಪುವನ್ನು ಎತ್ತಿಕೊಂಡು ಎದುರು ಮನೆಯ ಮಾಳಿಗೆಗೆ ಹೋಗ್ತೇವೆ." ಅಷ್ಟೇ. ಫೋನ್ ಇಟ್ಟಳು.

ಮುಂದಿನ ಐದು ಗಂಟೆಯಲ್ಲಿ ಏನಾಯಿತು ಅಂತ ನಾನು ಆಮೇಲೆ ಅವಳ ಫೋನಿನಲ್ಲೇ ನೋಡಿದೆ. ನಲವತ್ತೇಳು ಕರೆ. ಬದಿಯಡ್ಕ, ನೀರ್ಚಾಲು, ಕುಂಬಳೆ, ಪುತ್ತೂರು, ಬೆಂಗಳೂರು, ಮುಂಬೈ. ಎಲ್ಲರೂ ಪ್ರೀತಿಯವರೇ, ಎಲ್ಲರಿಗೂ ಸಂಕಟವೇ. ಎಲ್ಲರೂ ಕೇಳಿದ್ದೂ ಒಂದೇ ಮೂರು ಪ್ರಶ್ನೆ. ಏನಾಯ್ತು? ಮಗು ಹೇಗಿದೆ? ಮೊದಲೇ ಯಾಕೆ ಊರು ಬಿಡಲಿಲ್ಲ?

ಕರೆಂಟು ಹೋಗಿತ್ತು. ಚಾರ್ಜು ಮಾಡುವ ದಾರಿ ಇಲ್ಲ. ಸೊಂಟದಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನ್. ಎತ್ತದಿದ್ದರೆ ಊರಿನವರು ಇನ್ನೂ ಹೆದರುತ್ತಾರೆ ಅಂತ ಅವಳು ಒಂದೊಂದನ್ನೂ ಎತ್ತಿ ಸಮಾಧಾನ ಹೇಳಿದಳು. ಯೋಚಿಸಿ ನೋಡಿ. ನೀರಿನಲ್ಲಿ ನಿಂತವಳು ಅವಳು, ಸಮಾಧಾನ ಹೇಳಬೇಕಾದವಳೂ ಅವಳೇ. ನಮ್ಮ ಸಂಜೆಯ ಹೊತ್ತಿಗೆ ಎರಡೂ ಫೋನ್ ಸತ್ತವು. ಆಮೇಲೆ ಹದಿನಾಲ್ಕು ಗಂಟೆ ಸುದ್ದಿಯೇ ಇಲ್ಲ.

ಮೂರನೆಯ ಪ್ರಶ್ನೆ ಅವಳಿಗೆ ಜಾಸ್ತಿ ನೋವು ಕೊಟ್ಟಿತು. ಅದಕ್ಕೆ ಉತ್ತರ ಇತ್ತು, ಹೇಳುವ ಹೊತ್ತು ಇರಲಿಲ್ಲ. ಊರು ಬಿಡಬೇಡಿ ಅಂತ ಹ್ಯೂಸ್ಟನ್ ಮೇಯರೇ ಹೇಳಿದ್ದರು. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಲಕ್ಷಗಟ್ಟಲೆ ಜನ ಒಟ್ಟಿಗೆ ಹೊರಟು, ಹೆದ್ದಾರಿಯಲ್ಲಿ ಸಿಕ್ಕಿಬಿದ್ದು, ಬಿಸಿಲಿಗೂ ಅಪಘಾತಕ್ಕೂ ಬಲಿಯಾದವರೇ ನೂರರ ಹತ್ತಿರ. ಆ ನೆನಪು ಅಲ್ಲಿನವರಿಗೆ ಆರಿರಲಿಲ್ಲ. ಬದಿಯಡ್ಕದ ಜಗಲಿಯಲ್ಲಿ ಕೂತು "ಕಾರಿತ್ತಲ್ಲ, ಹೋಗಬಹುದಿತ್ತು" ಅನ್ನುವುದು ಸುಲಭ. ನಾನೂ ಅಂದವನೇ.

ಆ ಹದಿನಾಲ್ಕು ಗಂಟೆಯಲ್ಲಿ ಕುಟುಂಬದ ವಾಟ್ಸಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಹ್ಯೂಸ್ಟನ್ ಹೆದ್ದಾರಿಯ ನೀರಿನಲ್ಲಿ ಕಾರಿನ ಪಕ್ಕ ಶಾರ್ಕ್ ಈಜುತ್ತಿದೆ. ಚಿಕ್ಕಮ್ಮ ಅದನ್ನು ನೋಡಿ ಊಟ ಬಿಟ್ಟರು. ಅದು ಸುಳ್ಳು ಚಿತ್ರ, 2011ರಿಂದಲೂ ಎಲ್ಲಿ ನೆರೆ ಬಂದರೂ ತಿರುಗುವ ಚಿತ್ರ. ನಿಜವಾಗಿ ಹೆದರಬೇಕಾದದ್ದು ಬೇರೆ ಇತ್ತು, ಅದರ ಫೋಟೋ ಯಾರೂ ಕಳಿಸಲಿಲ್ಲ. ಅಲ್ಲಿಯ ಕೆಂಪು ಇರುವೆಗಳು ನೆರೆ ಬಂದಾಗ ಒಂದನ್ನೊಂದು ಕಚ್ಚಿ ಹಿಡಿದು ಚಾಪೆಯ ಹಾಗೆ ನೀರಿನ ಮೇಲೆ ತೇಲುತ್ತವೆ. ರಸ್ತೆ ದಾಟುವಾಗ ಭಾವನ ಕಾಲಿಗೆ ಅಂಥದ್ದೊಂದು ಹತ್ತಿ, ಒಂದು ವಾರ ಗುಳ್ಳೆ.

ಎರಡು ಹೊತ್ತಿನ ಮೆಸೇಜು

ಸೋಮವಾರ ಬೆಳಗ್ಗೆ ಎದುರು ಮನೆಯವರ ಕಾರಿನಲ್ಲಿ ಚಾರ್ಜು ಮಾಡಿ ತಂಗಿ ನನಗೆ ಮೆಸೇಜು ಹಾಕಿದಳು: "ಅಣ್ಣಾ, ಎಲ್ಲರೂ ಸೌಖ್ಯ. ದಯವಿಟ್ಟು ಕರೆ ಮಾಡಬೇಡಿ ಅಂತ ಹೇಳು. ನನಗೆ ಹೇಳ್ಲಿಕ್ಕೆ ಆಗುದಿಲ್ಲ."

ಹೇಳುವುದು ನನಗೂ ಸುಲಭ ಇರಲಿಲ್ಲ. ನಮ್ಮ ಕಡೆ ಕಷ್ಟದಲ್ಲಿ ವಿಚಾರಿಸದಿದ್ದರೆ ಅದು ಜೀವಮಾನದ ಮಾತಾಗುತ್ತದೆ, ಅಲ್ವಾ? ಸಾವಿನ ಮನೆಗೆ ಹೋಗದವರನ್ನು ಹತ್ತು ವರ್ಷ ಆದರೂ ನೆನಪಿಡುವ ಜನ ನಾವು. ಕಡೆಗೆ ಗುಂಪಿನಲ್ಲಿ ಬರೆದೆ: ಇನ್ನು ಕರೆ ಬೇಡ. ಬೆಳಗ್ಗೆ ಏಳೂವರೆಗೆ, ಸಂಜೆ ಐದೂವರೆಗೆ ನಾನೇ ಸುದ್ದಿ ಹಾಕುತ್ತೇನೆ. ಅಲ್ಲಿ ಆಗ ರಾತ್ರಿ ಒಂಬತ್ತು, ಬೆಳಗ್ಗೆ ಏಳು. ಕೇಳಲಿಕ್ಕೆ ಇರುವುದನ್ನು ನನ್ನ ಹತ್ತಿರ ಕೇಳಿ. ಒಬ್ಬ ಹಿರಿಯರು "ನೀನು ಯಾರು ನಮಗೆ ಹೇಳಲಿಕ್ಕೆ" ಅಂತ ಗುಂಪು ಬಿಟ್ಟರು. ಉಳಿದವರು ಎರಡು ದಿನದಲ್ಲಿ ಒಗ್ಗಿದರು. ಅಷ್ಟರಲ್ಲಿ 29ಕ್ಕೆ ಮುಂಬೈಗೂ ಮಹಾಮಳೆ ಬಂದು, ಅರ್ಧ ಜನರ ಚಿಂತೆ ಆ ಕಡೆ ತಿರುಗಿತು.

ಇಲ್ಲಿ ಒಂದು ತಪ್ಪು ಆಯಿತು. ಭಾವನ ತಾಯಿಗೆ ಬಿಪಿ ಇದೆ ಅಂತ ಅವರಿಗೆ ಹೇಳದೆ ಮುಚ್ಚಿಟ್ಟೆವು. ಕುಂಬಳೆಯಲ್ಲಿ ಬಸ್ಸಿಗೆ ಕಾಯುವಾಗ ಯಾರೋ ಅವರಿಗೆ "ನಿಮ್ಮ ಮಗನ ಮನೆ ಮುಳುಗಿತಂತೆ" ಅಂದರು. ಅವರ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಸಿಟ್ಟು ನ್ಯಾಯವೇ.

ಅವರು ಮಲಗಿದಾಗ ನಾವು ಎದ್ದಿರುತ್ತೇವೆ

ಹಣ ಕಳಿಸಬೇಕು ಅಂತ ಮೊದಲು ಎದ್ದವರು ಅಪ್ಪಚ್ಚಿ. ಅಟ್ಟದಲ್ಲಿ ಇದ್ದ ಹಳೆ ಅಡಿಕೆ ಮಾರುತ್ತೇನೆ ಅಂದರು. ಊರಿನ ಹುಡುಗರು ಸಂಘದಿಂದ ರಶೀದಿ ಪುಸ್ತಕ ತೆಗೆಯಲಿಕ್ಕೂ ತಯಾರಾದರು. ಅಳಿಯ ಬೇಡ ಅಂದ. ಅವನಿಗೆ ಕೆಲಸ ಇತ್ತು, ಸಂಬಳ ಬರುತ್ತಿತ್ತು. ಅವನಲ್ಲಿ ಇಲ್ಲದ್ದು ಹೊತ್ತು ಮತ್ತು ತಲೆ. ಹಗಲಿಡೀ ಮನೆಯ ಹೊಲಸು ತೆಗೆದು, ರಾತ್ರಿ ಫಾರ್ಮು ಓದಲಿಕ್ಕೆ ಕೂತರೆ ಅಕ್ಷರ ಕಾಣುತ್ತಿರಲಿಲ್ಲ.

ನನಗೆ ಹೊಳೆದದ್ದು ಆಗ. ಅವರಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಅವರು ಮಲಗಿದ ಹೊತ್ತಿನಲ್ಲಿ ನಮಗೆ ಹಗಲು. ನಾನು ಹೇಗೂ ದಿನಾ ಫಾರ್ಮು ಓದುವವನು, ಇನ್ನೊಂದು ಓದಿದರೆ ಏನು?

ಮೊದಲ ಸುದ್ದಿ ಒಳ್ಳೆಯದಿರಲಿಲ್ಲ. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆಗೆ ನೆರೆ ಸೇರುವುದಿಲ್ಲ. ಅದಕ್ಕೆ 1968ರಿಂದ ಸರಕಾರದ್ದೇ ಬೇರೆ ನೆರೆ ವಿಮೆ ಇದೆ. ಅಪಾಯದ ವಲಯ ಅಂತ ಗುರುತಿಸಿದ ಜಾಗದಲ್ಲಿ ಸಾಲ ಮಾಡಿ ಮನೆ ಕೊಂಡವರಿಗೆ ಅದು ಕಡ್ಡಾಯ, ಗೆರೆಯ ಆಚೆ ಇದ್ದವರಿಗೆ ಇಲ್ಲ. ಇವರ ಬೀದಿ ಗೆರೆಯ ಆಚೆ. ಕಡ್ಡಾಯ ಅಲ್ಲವಲ್ಲ ಅಂತ ಮಾಡಿರಲಿಲ್ಲ. ಚಂಡಮಾರುತ ಬರುತ್ತದೆ ಅಂತ ಗೊತ್ತಾದ ಮೇಲೆ ಮಾಡಿಸಿದರೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ದುಡ್ಡು ಕಟ್ಟಿ ಮೂವತ್ತು ದಿನ ಆದ ಮೇಲೆಯೇ ಅದು ಜಾರಿಗೆ ಬರುವುದು.

ಎರಡನೆಯದು ಫೀಮಾ. ಅಲ್ಲಿನ ಕೇಂದ್ರ ಸರಕಾರದ ವಿಪತ್ತು ಸಂಸ್ಥೆ. ಭಾವ ಅದರ ಕಡೆ ನೋಡಿಯೇ ಇರಲಿಲ್ಲ. ಅವನು ಎಚ್-1ಬಿ ವೀಸಾದವನು. "ನಮಗೆಲ್ಲ ಕೊಡುದಿಲ್ಲ ಭಾವ" ಅಂದುಬಿಟ್ಟಿದ್ದ. ಅರ್ಧ ನಿಜ. ಆ ಹಣ ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ, ಇನ್ನು ಕೆಲವು ವರ್ಗದವರಿಗೆ ಮಾತ್ರ. ಕೆಲಸದ ವೀಸಾದವರಿಗೆ ಇಲ್ಲ. ಆದರೆ ನಿಯಮದ ಕೆಳಗಿನ ಸಾಲಿನಲ್ಲಿ ಇನ್ನೊಂದು ಮಾತಿತ್ತು: ಮನೆಯಲ್ಲಿ ನಾಗರಿಕತ್ವ ಇರುವ ಚಿಕ್ಕ ಮಗು ಇದ್ದರೆ, ಅದರ ಪರವಾಗಿ ಹೆತ್ತವರು ಅರ್ಜಿ ಹಾಕಬಹುದು. ಮಗು ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ. ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಮನೆಯವರೆಲ್ಲರ ಪೈಕಿ ಅರ್ಹತೆ ಇದ್ದದ್ದು ಇನ್ನೂ ಸರಿಯಾಗಿ ಮಾತು ಬಾರದ ಆ ಎರಡು ವರ್ಷದ ಹುಡುಗಿಗೆ!

ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ನಮ್ಮಲ್ಲೂ ಹೀಗೇ. ರೇಷನ್ ಕಾರ್ಡಿನದ್ದಾಗಲಿ ಪೆನ್ಶನ್ನಿನದ್ದಾಗಲಿ, ಬೇಕಾದ ಸಾಲು ಯಾವಾಗಲೂ ಕೆಳಗೆ ಇರುತ್ತದೆ.

ಭಾವನಿಗೆ ಇನ್ನೊಂದು ಹೆದರಿಕೆ. ಸರಕಾರದ ಹಣ ತೆಗೆದುಕೊಂಡರೆ ನಾಳೆ ಗ್ರೀನ್ ಕಾರ್ಡಿಗೆ ಅಡ್ಡ ಬರುತ್ತದೆಯೋ ಅಂತ. ಅವನ ಆಫೀಸಿನ ವಕೀಲರು ವಿಪತ್ತಿನ ನೆರವು ಆ ಲೆಕ್ಕಕ್ಕೆ ಬರುವುದಿಲ್ಲ ಅಂದ ಮೇಲೆ ಅರ್ಜಿ ಹಾಕಿದ. ಆ ವರ್ಷ ಒಂದು ಮನೆಗೆ ಗರಿಷ್ಠ 33,300 ಡಾಲರ್ ಅಂತ ಇತ್ತು. ಗರಿಷ್ಠ ಅಂತ ಬರೆದದ್ದು ಎಷ್ಟು ಜನರಿಗೆ ಸಿಗುತ್ತದೆ ಅಂತ ನನಗೆ ನನ್ನ ಕೆಲಸದಿಂದಲೇ ಗೊತ್ತು. ಇವರಿಗೆ ಸಿಕ್ಕಿದ್ದು ಕೆಲವು ಸಾವಿರ. ಗೋಡೆಗೆ ಆಯಿತು.

ಗೋಡೆಯ ವಿಷಯ ಅಪ್ಪಚ್ಚಿಗೆ ಕಡೆಯವರೆಗೂ ತಲೆಗೆ ಹೋಗಲಿಲ್ಲ. ಇಲ್ಲಿ ಕೆಂಪುಕಲ್ಲಿನ ಗೋಡೆ. ನೆರೆ ಇಳಿದ ಮೇಲೆ ತೊಳೆದು ಬಿಸಿಲಿಗೆ ಬಿಟ್ಟರೆ ಒಣಗುತ್ತದೆ. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು, ನಡುವೆ ಹತ್ತಿಯಂಥದ್ದನ್ನು ತುಂಬಿಸಿರುತ್ತಾರೆ. ನೀರು ಒಂದಡಿ ಬಂದರೂ ಹಲಗೆ ಅದನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಎರಡು ದಿನದಲ್ಲಿ ಬೂಸ್ಟು ಶುರು. ಹಾಗಾಗಿ ನೆಲದಿಂದ ನಾಲ್ಕು ಅಡಿಯವರೆಗೆ ಸುತ್ತಲೂ ಗೋಡೆ ಕತ್ತರಿಸಿ ಬಿಸಾಡಬೇಕು. ನಾಲ್ಕೇ ಯಾಕೆ? ಹಲಗೆ ಬರುವುದು ನಾಲ್ಕು ಅಡಿ ಅಗಲದಲ್ಲಿ, ಹೊಸದನ್ನು ಅಡ್ಡಕ್ಕೆ ಇಟ್ಟು ಹೊಡೆದರೆ ಸರಿ ಕೂರುತ್ತದೆ. ವಿಡಿಯೋದಲ್ಲಿ ಆ ಮನೆ ನೋಡಿ ಅಪ್ಪಚ್ಚಿ "ಕಾಗದದ ಮನೆಗೆ ಇಷ್ಟು ಸಾಲವಾ!" ಅಂದರು. ಕತ್ತರಿಸಲಿಕ್ಕೆ ಬಂದವರು ಪಕ್ಕದ ಚರ್ಚಿನ ಹುಡುಗರು. ಪರಿಚಯ ಇಲ್ಲ, ಭಾಷೆ ಬೇರೆ, ಸುತ್ತಿಗೆ ಹಿಡಿದು ಬಂದರು, ಸಂಜೆಗೆ ಹೋದರು. ಒಂದು ಸಲವೂ "ಮೊದಲೇ ಯಾಕೆ ಹೋಗಲಿಲ್ಲ" ಅಂತ ಕೇಳಲಿಲ್ಲ ಎಂದು ತಂಗಿ ಹೇಳಿದಳು. ನನಗೆ ಚುಚ್ಚಿತು.

ಚಿಕ್ಕಮ್ಮನ ಕೆಲಸ ಇದೆಲ್ಲದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ. ಮಾರ್ಚ್‌ನಲ್ಲಿ ಗೃಹಪ್ರವೇಶವಾದಾಗ ಮಗಳು ಮನೆಯ ಮೂಲೆಮೂಲೆಯ ಫೋಟೋ ಕಳಿಸಿದ್ದಳು. ಚಿಕ್ಕಮ್ಮ ಒಂದನ್ನೂ ಅಳಿಸಿರಲಿಲ್ಲ. ಫೋನಿನ ಜಾಗ ತುಂಬಿತು, ಅಳಿಸಿ ಅಂತ ನಾನೇ ಎಷ್ಟೋ ಸಲ ಬೈದಿದ್ದೆ. ಈಗ ಅವರು ಕನ್ನಡಕ ಹಾಕಿ ಕೂತು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದರು, ನಾನು ಬರೆದುಕೊಂಡೆ. ಸೋಫಾ. ಮಗುವಿನ ತೊಟ್ಟಿಲು. ವಾಷಿಂಗ್ ಮಷಿನ್. "ಇದರ ಹಿಂದೆ ನೋಡು, ಮಿಕ್ಸಿ ಉಂಟು. ನಾನೇ ಇಲ್ಲಿಂದ ಕಳಿಸಿದ್ದು." ಮೂರು ದಿನದಲ್ಲಿ ನೂರಾರು ಸಾಮಾನಿನ ಪಟ್ಟಿ ಆಯಿತು, ಪ್ರತಿಯೊಂದಕ್ಕೂ ಫೋಟೋ ಸಮೇತ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಹಾರ್ವಿ ಸಂತ್ರಸ್ತರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಕಾನೂನು ಬಂತು. ಕಳಕೊಂಡದ್ದನ್ನು ಲೆಕ್ಕ ತೋರಿಸಿ ಆದಾಯದಿಂದ ಕಳೆಯಬಹುದು. ಚಿಕ್ಕಮ್ಮನ ಪಟ್ಟಿ ನೇರ ಅಲ್ಲಿಗೆ ಹೋಯಿತು.

ವೀಸಾದ ಕಾಗದಗಳು ನೀರು ಕುಡಿದಿದ್ದವು. ಅವುಗಳ ನಕಲು ಅಪ್ಪಚ್ಚಿಯ ಗೋದ್ರೇಜ್ ಕಪಾಟಿನಲ್ಲಿ, ಭೂತೆರಿಗೆ ರಶೀದಿಗಳ ಕೆಳಗೆ ಭದ್ರ ಇದ್ದವು. ಅದು ಸುಮ್ನೆ ಅದೃಷ್ಟ.

ಮೂರನೇ ತಿಂಗಳು

ನಲವತ್ತೇಳು ಕರೆ ಬಂದದ್ದು ಮೊದಲ ದಿನ. ನವೆಂಬರ್ ತಿಂಗಳಿಡೀ ಬಂದ ಕರೆ, ತಂದೆತಾಯಿಯದ್ದು ಬಿಟ್ಟರೆ, ಎರಡು. ಆಗಲೂ ಗೋಡೆ ತೆರೆದೇ ಇತ್ತು. ಊರಿಗೆ ಊರೇ ರಿಪೇರಿಯಲ್ಲಿದ್ದಾಗ ಕೆಲಸದವರು ಎಲ್ಲಿ ಸಿಗುತ್ತಾರೆ? ಒಂದು ಬಾಡಿಗೆ ಕೋಣೆ, ಒಂದು ಇಂಡಕ್ಷನ್ ಒಲೆ, ಮುಳುಗಿದ ಮನೆಯ ಸಾಲದ ಕಂತು ಬೇರೆ. ನನ್ನ ಎರಡು ಹೊತ್ತಿನ ಮೆಸೇಜನ್ನು ನಾನೇ ಸೆಪ್ಟೆಂಬರ್ ಮಧ್ಯದಲ್ಲಿ ನಿಲ್ಲಿಸಿದ್ದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಈ ಪ್ರಕರಣದಲ್ಲಿ ನಾವು ಸೋತದ್ದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ. ಕರೆ ತಡೆದದ್ದು ಸರಿ. ತಡೆದ ಕರೆಗಳನ್ನು ಹಂಚಿ ಇಡಬೇಕಿತ್ತು, ವಾರಕ್ಕೊಬ್ಬರ ಹಾಗೆ. ಅದು ನನ್ನ ತಲೆಗೇ ಬರಲಿಲ್ಲ.

ಚಿಕ್ಕಮ್ಮ ಮಾತ್ರ ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಟ್ಟಿ ಪಾರ್ಸೆಲ್ ಮಾಡಿಸಿದರು. ಪಾರ್ಸೆಲಿನ ಖರ್ಚು ಹಪ್ಪಳದ ಬೆಲೆಗಿಂತ ಹತ್ತು ಪಟ್ಟು. ಅಪ್ಪಚ್ಚಿ ತುಟಿ ಬಿಚ್ಚಲಿಲ್ಲ.

2018ರ ಜೂನ್‌ನಲ್ಲಿ ತಂಗಿ ಮಗುವನ್ನು ಕರೆದುಕೊಂಡು ಊರಿಗೆ ಬಂದಳು. ಮಳೆಗಾಲ ಹಿಡಿದಿತ್ತು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಮೊದಲೆಲ್ಲ ಗಡದ್ದಾಗಿ ನಿದ್ದೆ ಮಾಡುತ್ತಿದ್ದವಳು. ಎರಡನೇ ದಿನ ಬೆಳಗ್ಗೆ ಚಿಕ್ಕಮ್ಮ ನನ್ನನ್ನು ಕರೆದು ಅವಳ ಕೋಣೆ ತೋರಿಸಿದರು. ಮಗುವಿನ ಚಪ್ಪಲಿ, ಅವಳ ಚಪ್ಪಲಿ, ಪಾಸ್‌ಪೋರ್ಟಿನ ಚೀಲ, ಚಾರ್ಜರ್, ಎಲ್ಲವೂ ಮೇಜಿನ ಮೇಲೆ ಸಾಲಾಗಿ. ನೆಲದಲ್ಲಿ ಒಂದು ವಸ್ತುವೂ ಇಲ್ಲ. ಗುಡ್ಡದ ಮೇಲಿನ ಮನೆ ಅದು, ನೀರು ಬರಬೇಕಾದರೆ ಮೊದಲು ಬದಿಯಡ್ಕ ಪೇಟೆ ಇಡೀ ಮುಳುಗಬೇಕು. ಯಾರೂ ನಗಲಿಲ್ಲ. ಚಿಕ್ಕಮ್ಮ ಮರುದಿನ ಇನ್ನೊಂದು ಮೇಜು ತಂದಿಟ್ಟರು.

ಅವತ್ತೇ ಅಪ್ಪಚ್ಚಿ ಅವಳಿಗೆ 2017ರ ಡೈರಿ ತೋರಿಸಿದ್ದು. ಆಗಸ್ಟ್ 27ರ ಪುಟದಲ್ಲಿ ನಮ್ಮ ಅಂಗಳದ ಮಳೆ, 22. ಅದರ ಕೆಳಗೆ ಬೇರೆ ಶಾಯಿಯಲ್ಲಿ: ಹ್ಯೂಸ್ಟನ್, 408. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಆ ಒಂದೇ ದಿನ ಬಿದ್ದದ್ದು 16.07 ಇಂಚು. ಅದನ್ನು ನನ್ನ ಹತ್ತಿರ ಕೇಳಿ, ತಾವೇ ಗುಣಿಸಿ ಬರೆದಿದ್ದರು. ಹೀಗೆ ಬರೆದಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ತಂಗಿ ಆ ಪುಟವನ್ನು ತುಂಬ ಹೊತ್ತು ನೋಡಿದಳು. "ಅಪ್ಪಾ, ಇಷ್ಟಾ?" ಅಂದಳು. "ಇಷ್ಟು" ಅಂದರು ಅಪ್ಪಚ್ಚಿ. ಕರೆ ಮಾಡಬೇಡಿ ಅಂತ ಹೇಳಿದ ಮೇಲೆ ಅವರು ಮಾಡಿದ್ದು ಈ ಗುಣಾಕಾರ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗುಂಟ ಉತ್ತರಕ್ಕೆ ಹೋಯಿತು. 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟುವ ಮೊದಲೇ ಉಪ್ಪಳ, ಮುಸೋಡಿ ಕಡೆ ಕಡಲು ಮನೆಗಳನ್ನು ಎಳೆದುಕೊಂಡಿತ್ತು. ಲಾಕ್‌ಡೌನ್ ಬೇರೆ. ಗಲ್ಫಿನಲ್ಲಿದ್ದ ಮಕ್ಕಳ ಕರೆ ಕರಾವಳಿಯ ಮುದುಕರಿಗೆ ಬಡಿಯುತ್ತಲೇ ಇತ್ತು. ಪರಿಚಯದ ಮೂರು ಮನೆಯವರಿಗೆ ನಾನು ಅದೇ ಏಳೂವರೆ, ಐದೂವರೆಯ ವ್ಯವಸ್ಥೆ ಮಾಡಿಕೊಟ್ಟೆ. ಈ ಸಲ ಸೆಪ್ಟೆಂಬರ್‌ವರೆಗೂ ನಿಲ್ಲಿಸಲಿಲ್ಲ.

ತೋಟದಲ್ಲಿ ಗಾಳಿಗೆ ಒಂದಷ್ಟು ಅಡಿಕೆ ಮರ ಮುರಿದಿದ್ದವು. ಹ್ಯೂಸ್ಟನ್‌ನಿಂದ ಅಪ್ಪಚ್ಚಿಗೆ ಕರೆ ಬರಲಿಲ್ಲ. ಬೆಳಗ್ಗೆ ಏಳೂವರೆಗೆ ನನ್ನ ಫೋನಿಗೆ ಒಂದು ಮೆಸೇಜು ಬಂತು: "ಅಣ್ಣಾ, ಎಂಟೂವರೆಗೆ ಅಪ್ಪ ಅಳೆದ ಮೇಲೆ ಎಷ್ಟು ಅಂತ ಹೇಳು. ಅಷ್ಟು ಸಾಕು."